ಗಟಾರದ ನೀರಿಗೂ ಒಂದು ಪಾಳಿ

ಐವತ್ತೆರಡನೆಯ ವಯಸ್ಸಿಗೇ ನಾನು ಸ್ವಯಂನಿವೃತ್ತಿ ತೆಗೆದುಕೊಂಡ ಸುದ್ದಿ ಕೇಳಿ ಹಲವರು, ಏನೋ ಹಗರಣ ಇರಬೇಕು ಎಂಬ ಆಸೆಯಿಂದ ಹತ್ತಿರ ಬಂದು ಕುಳಿತರು. ಅವರನ್ನು ನಿರಾಶೆಗೊಳಿಸಬೇಕಾಯಿತು. ನಡೆದದ್ದು ಇಷ್ಟೇ: ನನ್ನ ರಕ್ತದೊತ್ತಡ ನೋಡಿದ ಡಾಕ್ಟರರು, ‘ಒಂದೋ ಕೆಲಸ ಬಿಡ್ರಿ, ಇಲ್ಲಾ ಚಿಂತಿ ಮಾಡೂದು ಬಿಡ್ರಿ’ ಎಂದರು. ಎರಡರಲ್ಲಿ ಕೆಲಸ ಬಿಡುವುದು ಸುಲಭವಾಗಿ ಕಂಡಿತು. ಈಗ ಮನೆಯಲ್ಲಿ ಕುಳಿತು ಸಂಬಳವಿಲ್ಲದೆ ಚಿಂತೆ ಮಾಡುತ್ತಿದ್ದೇನೆ.

ಹೋದ ತಿಂಗಳು, ನಮ್ಮ ಒಳಚರಂಡಿ ವಿಭಾಗಕ್ಕೆ ಹೊಸದಾಗಿ ಆಯ್ಕೆಯಾದ ಇಬ್ಬರು ಹುಡುಗಿಯರು ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆ ಹುಡುಕಿಕೊಂಡು ಬಂದರು. ‘ಕೆಲಸ ಹೆಂಗ ಇರತೈತ್ರಿ ಮೇಡಂ?’ ಎಂದು ಒಬ್ಬಳು ಕೇಳಿದಳು. ‘ವಾಸನಿ ಭಾಳ ಇರತೈತೇನ್ರಿ?’ ಎಂದಳು ಇನ್ನೊಬ್ಬಳು. ವಾಸನೆಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಮೊದಲ ವಾರ ಅದು ನಿಮಗೆ ಬರುತ್ತದೆ, ಆಮೇಲೆ ನಿಮ್ಮಿಂದ ಬರುತ್ತದೆ. ಉಳಿದದ್ದು ಅಷ್ಟು ಬೇಗ ಮುಗಿಯುವುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಬಿಟ್ಟುಬಿಡುತ್ತೇನೆ. ಅದು ಬಂದರೆ ನಿಮಗೇ ಗೊತ್ತಾಗುತ್ತದೆ, ಬಾರದಿದ್ದರೆ ನೀವೂ ನನ್ನ ಹಾಗೆ ತತ್ವಜ್ಞಾನಿಗಳಾಗುತ್ತೀರಿ.

ನನ್ನ ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರರು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಗಣಿತದ ಪುಸ್ತಕ ಇಟ್ಟು ನಮ್ಮನ್ನು ಓದಿಸಿದವರು. ಎಂಜಿನಿಯರಿಂಗ್ ಮುಗಿಸಿದ ಮಗಳಿಗೆ ಸೇತುವೆ ಕಟ್ಟುವ ಕೆಲಸ ಸಿಗುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿಟ್ಟಿದ್ದರು. ನೇಮಕದ ಆದೇಶ ಬಂದದ್ದು ಗಟಾರಕ್ಕೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ‘ನಮ್ಮ ಹಿರೇರು ಬಿಟ್ಟ ಬಂದ ಕೆಲಸಕ್ಕ ನೀ ಪರೀಕ್ಷಾ ಬರದು, ಪಾಸಾಗಿ ಹೋದಿ ನೋಡು’ ಎಂದರು. ನಾನು ತಲೆ ತಗ್ಗಿಸಿದೆ. ಕನ್ನಡಕ ಮತ್ತೆ ಹಾಕಿಕೊಂಡು ಅವರೇ ನಕ್ಕರು. ‘ಇರಲಿ. ಅವರ ಕೈಯಾಗ ಕಸಬರಿಗಿ ಇತ್ತು, ನಿನ್ನ ಕೈಯಾಗ ನಕಾಶಿ ಐತಿ.’

ಆ ನಕಾಶೆಯ ಪ್ರಕಾರ ನನ್ನ ಮೊದಲ ಗಟಾರ ಪೂರ್ವಕ್ಕೆ ಹರಿಯುತ್ತಿತ್ತು. ನೆಲದ ಮೇಲೆ ಅದು ಪಶ್ಚಿಮಕ್ಕೆ ಹರಿಯುತ್ತಿತ್ತು. ಹೊಸಬರೇ, ನೆಲವನ್ನು ನಂಬಿ.

ಮೊದಲ ಕೆಲಸ ಹುಬ್ಬಳ್ಳಿಯಲ್ಲಿ, ದುರ್ಗದಬೈಲಿನ ಹಿಂಭಾಗದ ಪಂಪ್ ಬಾವಿಯಲ್ಲಿ. ಸುತ್ತಲಿನ ಓಣಿಗಳ ಗಟಾರವೆಲ್ಲ ಒಂದು ಆಳವಾದ ಬಾವಿಗೆ ಬಂದು ಬೀಳುತ್ತದೆ. ಅಲ್ಲಿಂದ ಮೋಟರು ಅದನ್ನು ಎತ್ತಿ ಮುಂದಕ್ಕೆ ತಳ್ಳುತ್ತದೆ. ವಾರದ ಉಳಿದ ದಿನಗಳಲ್ಲಿ ಬಾವಿ ಸಜ್ಜನರಂತೆ ಇರುತ್ತಿತ್ತು. ಆದರೆ ಒಂದು ದಿನ ಮಾತ್ರ ಮಳೆಯಿಲ್ಲ, ಹಬ್ಬವಿಲ್ಲ, ಬೆಳಗಿನಿಂದಲೇ ಉಕ್ಕಿ ರಸ್ತೆಗೆ ಬರುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ ಆ ದಿನದ ನೀರು ತಿಳಿಯಾಗಿರುತ್ತಿತ್ತು. ಗಟಾರದ ನೀರು ತಿಳಿಯಾದರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ನಿದ್ದೆ ಹೋಯಿತು. ಕುಡಿಯುವ ನೀರಿನ ಪೈಪು ಎಲ್ಲೋ ಒಡೆದು ಗಟಾರಕ್ಕೆ ಸೇರುತ್ತಿದೆ, ಇಂದಲ್ಲ ನಾಳೆ ಗಟಾರವೂ ಪೈಪಿಗೆ ಸೇರುತ್ತದೆ, ಊರಿಗೆ ಊರೇ ಆಸ್ಪತ್ರೆ ಸೇರುತ್ತದೆ ಎಂದು ಲೆಕ್ಕ ಹಾಕಿ, ಪೇಟೆಯ ನಡುವೆ ಗುಂಡಿ ತೋಡಿಸಿದೆ. ಒಂದರಲ್ಲಿ ಸಿಗಲಿಲ್ಲ, ಇನ್ನೊಂದು. ಅದರಲ್ಲೂ ಇಲ್ಲ, ಮತ್ತೊಂದು. ಮೂರನೆಯದು ಒಬ್ಬ ಬಳೆ ಅಂಗಡಿಯವರ ಬಾಗಿಲಿಗೆ ಸರಿಯಾಗಿ ಬಂತು.

‘ಎಂಜಿನಿಯರ ಬಾಯಾರ, ನಿಧಿ ಸಿಕ್ಕರ ನಮಗೂ ಒಂದು ಪಾಲು ಕೊಡ್ರಿ ಮತ್ತ’ ಎಂದರು ಅವರು, ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹಲಗೆ ದಾಟಿಸುತ್ತ.

ನಿಧಿ ಸಿಕ್ಕದ್ದು ಮನೆಯಲ್ಲಿ. ನಮ್ಮೂರುಗಳಲ್ಲಿ ನಲ್ಲಿಯ ನೀರು ಸುಮಾರು ವಾರಕ್ಕೊಮ್ಮೆ ಪಾಳಿಯ ಪ್ರಕಾರ ಬರುತ್ತದೆ. ಮಳೆ ಕೈಕೊಟ್ಟು ಅಣೆಕಟ್ಟೆ ಇಳಿದರೆ ಪಾಳಿ ಇನ್ನಷ್ಟು ಉದ್ದವಾಗುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಆ ನೀರನ್ನು ಏರಿಗೆ ಎತ್ತಿ ತರಲು ಎಷ್ಟು ಕರೆಂಟು ಉರಿಯುತ್ತದೆ ಎಂಬುದು ನನ್ನ ಮೆಚ್ಚಿನ ಚಿಂತೆಗಳಲ್ಲಿ ಒಂದು. ಆ ದಿನ ನಾನು ಮನೆಗೆ ಬಂದಾಗ ನಳ ಬಂದಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಟಾಕಿಯಲ್ಲಿದ್ದ ನೀರನ್ನು ಕೊಡಗಟ್ಟಲೆ ಬಚ್ಚಲಿಗೆ ಸುರಿಯುತ್ತಿದ್ದರು.

‘ಅತ್ತಿ, ಯಾಕ್ರಿ ಚೆಲ್ಲಾಕತ್ತೀರಿ?’

‘ಹೊಸಾ ನೀರು ಬಂದೈತಲ್ಲ.’

‘ಈ ನೀರಿಗೆ ಏನಾಗೇತ್ರಿ?’

‘ಹಳೇದಾಗೇತಿ.’

‘ಎರಡೂ ಒಂದ ಡ್ಯಾಮಿನ ನೀರ್ರಿ ಅತ್ತಿ.’

‘ಡ್ಯಾಮು ಯಾವುದರ ಇರಲಿ. ಇದು ಹ್ವಾದ ವಾರ ಬಂದಿದ್ದು, ಇದು ಇವತ್ತ ಬಂದಿದ್ದು. ಮನಿಗೆ ಹೊಸಾ ನೀರು ಬಂದ ಮ್ಯಾಲೆ ಹಳೇದು ಯಾರರ ಕುಡೀತಾರೇನು?’

‘ಕಟಕ ರೊಟ್ಟಿ ತಿಂಗಳ ಹಳೇದಿದ್ರೂ ತಿಂತೇವಲ್ರಿ?’

‘ರೊಟ್ಟಿ ಬ್ಯಾರೆ, ನೀರು ಬ್ಯಾರೆ. ಎಂಜಿನಿಯರ ಆಗಿ ಇಷ್ಟೂ ತಿಳೀದಿಲ್ಲಲ್ಲ ನಿನಗ. ಆ ಕೊಡಾ ಹಿಡಿ ಇಲ್ಲಿ.’

ನಾನು ಕೊಡ ಹಿಡಿದೆ. ಬಚ್ಚಲ ಕಿಂಡಿಯಲ್ಲಿ ತಿಳಿನೀರು ಗುಳುಗುಳು ಇಳಿಯುವುದನ್ನು ನೋಡುತ್ತ, ಮೂರು ಗುಂಡಿಗಳನ್ನೂ ಬಳೆ ಅಂಗಡಿಯವರನ್ನೂ ನೆನೆದೆ. ನಮ್ಮ ಅತ್ತೆ ಒಬ್ಬರೇ ಅಲ್ಲ. ನಳ ಬಂದ ಓಣಿಯ ಪ್ರತಿ ಮನೆಯಲ್ಲೂ ಅದೇ ಹೊತ್ತಿಗೆ ಟಾಕಿ, ಬ್ಯಾರಲ್, ಹಂಡೆ ಎಲ್ಲ ಖಾಲಿಯಾಗುತ್ತವೆ, ತಿಕ್ಕಿ ತೊಳೆಯಲಾಗುತ್ತದೆ, ವಾರದ ಬಟ್ಟೆಯನ್ನೂ ಆಗಲೇ ಒಗೆಯಲಾಗುತ್ತದೆ. ಹೊಸ ನೀರು ಟಾಕಿ ತುಂಬುವ ಮುಂಚೆಯೇ ಹಳೆಯ ನೀರು ಗಟಾರ ಸೇರಿರುತ್ತದೆ. ಅಂದಿನಿಂದ ನಾನು ನೀರಿನ ಪಾಳಿಯ ಸುದ್ದಿಯನ್ನು ಉಳಿದವರು ಚಿನ್ನದ ಭಾವ ನೋಡುವಷ್ಟು ಶ್ರದ್ಧೆಯಿಂದ ನೋಡತೊಡಗಿದೆ.

ಈ ಚೆಲ್ಲುವಿಕೆಯನ್ನು ನಿಲ್ಲಿಸುತ್ತೇನೆ ಎಂದು ಒಮ್ಮೆ ಹೊರಟದ್ದೂ ಉಂಟು. ಒಂದು ಮಹಿಳಾ ಸಂಘದಲ್ಲಿ ಮೈಕು ಹಿಡಿದು, ‘ನೀರಿಗೆ ವಯಸ್ಸಾಗುವುದಿಲ್ಲ ಅಕ್ಕಂದಿರೇ’ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಅಧ್ಯಕ್ಷರು ಪ್ರೀತಿಯಿಂದ ತಂಬಿಗೆ ತುಂಬ ನೀರು ತಂದು ಕೊಟ್ಟರು. ‘ಕುಡೀರಿ, ಅನುಮಾನ ಮಾಡಬ್ಯಾಡ್ರಿ. ನೀವು ಬರತೀರಂತ ಹಳೇದೆಲ್ಲಾ ಚೆಲ್ಲಿ ತಾಜಾ ತುಂಬೇವಿ.’

ಆ ಮೇಲೆ ವರ್ಗವಾಗಿ ಧಾರವಾಡದ ಅಂಚಿಗೆ ಬಂದೆ. ಅಲ್ಲಿ ಗಟಾರದ ನೀರು ಶುದ್ಧ ಮಾಡುವ ಹೊಸ ಘಟಕ ತಲೆ ಎತ್ತಿತ್ತು. ಅದರ ಲೆಕ್ಕಾಚಾರ ಕಾಗದದ ಮೇಲೆ ಬಹಳ ಚೆಂದ. ಇಷ್ಟು ವರ್ಷ ಹಳ್ಳಕ್ಕೆ ಹರಿದು ಹೋಗುತ್ತಿದ್ದ ಹೊಲಸು ನೀರನ್ನು ಹಿಡಿಯುವುದು, ತಿಳಿ ಮಾಡುವುದು, ಪೈಪಿನಲ್ಲಿ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಕೊಡುವುದು. ಕಾರ್ಖಾನೆಗಳು ಅಷ್ಟರ ಮಟ್ಟಿಗೆ ಹೊಳೆಯ ನೀರು ಎಳೆಯುವುದನ್ನು ಬಿಡುತ್ತವೆ. ಬಿಟ್ಟದ್ದು ಜನರಿಗೆ ಸಿಗುತ್ತದೆ, ಪಾಳಿ ಹತ್ತಿರವಾಗುತ್ತದೆ. ಹಳ್ಳದಲ್ಲಿ ಕೊಳೆತು ಏಳುತ್ತಿದ್ದ ಕೆಟ್ಟ ಗಾಳಿಯೂ ನಿಲ್ಲುತ್ತದೆ. ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು ಈ ನಕ್ಷೆಯ ಮೇಲೆ ಬೆರಳಿಟ್ಟು, ‘ಇದರಾಗ ಯಾರಿಗೆ ಲುಕ್ಸಾನ ಐತಿ, ಹೇಳ್ರಿ ನೋಡೋಣ?’ ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದರು. ಯಾರೂ ಉತ್ತರಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿಗೆ ಬರುತ್ತಿದ್ದವರೆಲ್ಲ ನಮ್ಮ ಕೈಕೆಳಗಿನವರೇ.

ಉತ್ತರ ಒಂದು ಮುಂಜಾನೆ ತಾನಾಗಿಯೇ ಗೇಟಿಗೆ ಬಂತು. ಹೆಸರು ಗೌರವ್ವ. ನನ್ನದೇ ವಯಸ್ಸು, ನನ್ನ ಎರಡರಷ್ಟು ಧ್ವನಿ. ಹಳ್ಳದ ಗುಂಟ ಅವಳ ಮನೆತನದ ಹೊಲವಿತ್ತು. ಅಲ್ಲಿ ಅವಳು ಆ ಹೊಲಸು ನೀರನ್ನೇ ಹಾಯಿಸಿ ಆನೆ ಹುಲ್ಲು ಬೆಳೆದು ಎಮ್ಮೆ ಸಾಕಿದ್ದಳು. ಹಾಲು ಧಾರವಾಡದ ಫೇಡೆ ಅಂಗಡಿಗಳಿಗೆ ಹೋಗುತ್ತಿತ್ತು. ಹೌದು, ನೀವು ಬೀಗರಿಗೆ ಒಯ್ಯುವ ಅದೇ ಫೇಡೆ. ಅವಳೊಬ್ಬಳೇ ಅಲ್ಲ, ಹಳ್ಳದ ಎರಡೂ ದಂಡೆಗೆ ಅಂಥ ಹಸಿರು ಪಟ್ಟೆ. ಊರು ಬೆಳಿಗ್ಗೆ ಬಚ್ಚಲಿಗೆ ಬಿಟ್ಟದ್ದು ಸುತ್ತಿ ಬಳಸಿ ಸಂಜೆ ಸಿಹಿಯಾಗಿ ವಾಪಸು ಬರುತ್ತಿತ್ತು. ಇದು ತಿಳಿದ ದಿನ ನಾನು ಕಪಾಟಿನಲ್ಲಿದ್ದ ಫೇಡೆಯ ಡಬ್ಬಿಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ತಿಂದೆ. ಚಿಂತೆಗೂ ಒಂದು ಮಿತಿ ಬೇಕು.

‘ಹಳ್ಳದ ನೀರು ಎಲ್ಲಿ ಹೋತು?’ ಎಂದಳು ಗೌರವ್ವ, ಸಲಿಕೆ ಊರಿ ನಿಂತು.

‘ಶುದ್ಧ ಮಾಡಾಕತ್ತೇವ್ರಿ’ ಎಂದೆ.

‘ನಿಮಗ ಯಾರ ಹೇಳಿದ್ರು ಅದು ಹೊಲಸಂತ?’

‘ಗೌರವ್ವಾ, ಅದು ಗಟಾರದ್ದು...’

‘ನನ್ನ ಹುಲ್ಲು ಏನರ ತಕರಾರು ಮಾಡೇತೇನು?’

ಹುಲ್ಲು ಮಾಡಿರಲಿಲ್ಲ. ಅವಳ ಕಾಲುಗಳು ಮಾಡಿದ್ದವು. ಮೊಣಕಾಲಿನ ಕೆಳಗೆಲ್ಲ ತುರಿಸಿಕೊಂಡ ಗಾಯಗಳು. ನಾನು ಅದನ್ನು ತೋರಿಸಿ, ಆ ನೀರಿನಲ್ಲಿ ಬರಿಗಾಲಲ್ಲಿ ನಿಂತದ್ದರಿಂದ ಬಂದದ್ದು ಎಂದೆ. ‘ಕಾಲು ನನ್ನೂವು, ತುರಿಕಿ ನಂದು. ನೀರು ಯಾರದು?’ ಎಂದು ಕೇಳಿ ಹೋದಳು. ಈ ಪ್ರಶ್ನೆಗೆ ಇಲಾಖೆಯಲ್ಲಿ ಈಗಲೂ ಉತ್ತರವಿಲ್ಲ. ನಿಮ್ಮನ್ನು ಕೇಳಿದರೆ ಚಹಾ ತರಿಸಿ.

ಘಟಕದ ಒಳಗಿನ ಕೆಲಸ ಹೀಗೆ: ದೊಡ್ಡ ತೊಟ್ಟಿಗಳಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಹುಳುಗಳು ಹೊಲಸನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಅವಕ್ಕೆ ಉಸಿರಾಡಲು ಗಾಳಿ ಬೇಕು. ಗಾಳಿ ಊದಲು ಬ್ಲೋವರ್ ಎಂಬ ಭಾರಿ ಯಂತ್ರಗಳು, ಅವಕ್ಕೆ ಲಾರಿಗಟ್ಟಲೆ ಕರೆಂಟು. ಹುಳುಗಳ ಸ್ವಭಾವ ನನ್ನದೇ. ದಿನಾ ಒಂದೇ ಹೊತ್ತಿಗೆ ಒಂದೇ ಅಳತೆಯ ಊಟ ಬೇಕು, ಸ್ವಲ್ಪ ಏರುಪೇರಾದರೆ ಆರೋಗ್ಯ ಕೆಡುತ್ತದೆ. ಊರಿನ ಪಾಳಿಯ ದಿನ ಹಳೆಯ ನೀರೆಲ್ಲ ಒಮ್ಮೆಲೆ ನುಗ್ಗಿ ಬಂದಾಗ ಅವು ಆ ತಿಳಿನೀರಿನಲ್ಲಿ ತಿನ್ನಲು ಏನೂ ಸಿಗದೆ ಉಪವಾಸ ಬಿದ್ದು, ಪ್ರವಾಹಕ್ಕೆ ಸಿಕ್ಕಿ ಕೊಚ್ಚಿ ಹೋಗುತ್ತಿದ್ದವು. ಕೊನೆಯ ಹೊಂಡದ ನೀರು ಕದಡುತ್ತಿತ್ತು. ಕಾರ್ಖಾನೆಯವರು ಫೋನು ಮಾಡಿ, ‘ಮೇಡಂ, ನೀರು ಕಳಿಸಿದ್ರೋ ಸಾರು ಕಳಿಸಿದ್ರೋ?’ ಎಂದು ಕೇಳುತ್ತಿದ್ದರು. ಆ ವಾರವೆಲ್ಲ ಅವರು ಮತ್ತೆ ಹೊಳೆಯ ನೀರನ್ನೇ ಎಳೆಯುತ್ತಿದ್ದರು.

ಇದು ಸಾಲದು ಎಂಬಂತೆ, ಬೇಸಿಗೆ ಬಂದಂತೆ ಬ್ಲೋವರುಗಳು ಪ್ರತಿ ಬೆಳಿಗ್ಗೆ ತಾವಾಗಿಯೇ ನಿಲ್ಲತೊಡಗಿದವು. ವೋಲ್ಟೇಜು ಇಳಿಯುತ್ತಿತ್ತು. ನಾನು ವಿದ್ಯುತ್ ಕಂಪನಿಯ ಅಧಿಕಾರಿಗೆ ಫೋನು ಮಾಡಿ, ಮೆಲ್ಲಗೆ ಶುರು ಮಾಡಿ ಜೋರಾಗಿ ಮುಗಿಸಿದೆ. ಅವರು ಮೋಟರ್‌ಸೈಕಲ್ ಹಾಕಿಕೊಂಡು ಬಂದು ನನ್ನನ್ನು ಘಟಕದ ಮಾಳಿಗೆಗೆ ಕರೆದೊಯ್ದರು.

‘ಹಳ್ಳದ ಗುಂಟ ನೋಡ್ರಿ. ಹೊಸಾ ಬೋರ್ ಎಷ್ಟು ಕಾಣಿಸ್ತಾವ?’

ಕಂಡವು. ಹಸಿರು ಪಟ್ಟೆಯ ನಡುನಡುವೆ ಕೆಮ್ಮಣ್ಣಿನ ಗುಡ್ಡೆಗಳು.

‘ಮುಂಜಾನಿ ಮೂರು ಫೇಸ್ ಕೊಟ್ಟ ಕೂಡಲೇ ಇವು ಅಷ್ಟೂ ಒಮ್ಮೆ ಚಾಲೂ ಆಗತಾವ. ನಿಮ್ಮದೂ ಅದ ಲೈನು. ಮೊದಲ ಇಲ್ಲಿ ಒಂದೂ ಬೋರ್ ಇರಲಿಲ್ಲ ಬಾಯಾರ.’

‘ಮತ್ತ ಈಗ ಯಾಕ ಕೊರಸಾಕತ್ತಾರ?’

‘ಹಳ್ಳದ ನೀರು ನಿಂತೈತಂತ.’

‘ಯಾರು ನಿಲ್ಲಿಸಿದ್ರು?’ ಎಂದು ಕೇಳುವಷ್ಟರಲ್ಲಿ ನನಗೇ ಹೊಳೆಯಿತು. ಅವರು ಸಭ್ಯರು, ಬೇರೆ ಕಡೆ ನೋಡಿದರು.

ಮಾಳಿಗೆಯ ಮೇಲೆಯೇ ಕುಳಿತೆ. ನಾವು ಹಳ್ಳದ ನೀರು ಹಿಡಿದೆವು. ಹುಲ್ಲಿನವರು ಬೋರ್ ಕೊರೆಸಿದರು. ಬೋರು ಕರೆಂಟು ಎಳೆದು ನಮ್ಮ ಬ್ಲೋವರು ನಿಂತಿತು. ಬ್ಲೋವರು ನಿಂತು ನೀರು ಕೆಟ್ಟಿತು. ಕೆಟ್ಟ ನೀರು ಬೇಡವೆಂದು ಕಾರ್ಖಾನೆಯವರು ಹೊಳೆಗೆ ಹೋದರು. ಹೊಳೆ ತಗ್ಗಿ ಊರಿನ ಪಾಳಿ ಉದ್ದವಾಯಿತು. ಪಾಳಿ ಉದ್ದವಾದಷ್ಟೂ ಜನ ಹೆಚ್ಚು ತುಂಬಿಟ್ಟರು, ತುಂಬಿಟ್ಟಷ್ಟೂ ಹೆಚ್ಚು ಚೆಲ್ಲಿದರು, ಚೆಲ್ಲಿದ್ದೆಲ್ಲ ಒಂದೇ ದಿನ ನಮ್ಮ ಹುಳುಗಳ ಮೇಲೆ ಬಂದು ಬಿತ್ತು. ನೀರಿನದು ಒಂದು ಕಚೇರಿ, ಕರೆಂಟಿನದು ಇನ್ನೊಂದು, ಹೊಲದ್ದು ಮತ್ತೊಂದು, ಕಾರ್ಖಾನೆಯದು ಮಗದೊಂದು. ಪ್ರತಿಯೊಂದರಲ್ಲೂ ನನ್ನಂಥ ಒಬ್ಬರು ತಮ್ಮ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ, ಪಕ್ಕದವರ ಕೆಲಸ ಕೆಡಿಸುತ್ತಿದ್ದರು. ಹೊಸಬರೇ, ಚಿಂತೆ ಮಾಡುವುದಿದ್ದರೆ ನಿಮ್ಮ ಕಾಂಪೌಂಡಿನ ಹೊರಗಿನದನ್ನೂ ಸೇರಿಸಿ ಮಾಡಿ. ಇಷ್ಟು ದಿನ ನಾನು ಒಳಗಿನದನ್ನು ಮಾತ್ರ ಮಾಡಿದ್ದೆ.

ಗೌರವ್ವ ಬೋರ್ ಕೊರೆಸಿರಲಿಲ್ಲ. ‘ಪಕ್ಕದ ಹೊಲದಾಗ ಎರಡು ಸಲ ಕೊರಸಿದ್ರು, ಧೂಳ ಬಂತು. ಧೂಳ ಕುಡದು ಎಮ್ಮಿ ಹಾಲು ಕೊಡತೈತೇನ್ರಿ?’ ಎಂದಳು. ಆ ವೇಳೆಗೆ ಅವಳು ದಿನಾ ಘಟಕಕ್ಕೆ ಬಂದು ಬೈದು ಹೋಗುವುದು ನನಗೆ ರೂಢಿಯಾಗಿತ್ತು, ಬಾರದ ದಿನ ಏನಾಯಿತೋ ಎಂದು ಚಿಂತೆಯಾಗುತ್ತಿತ್ತು. ಅವಳ ಹುಲ್ಲು ಒಣಗಿ ಕಾವಿಯ ಬಣ್ಣಕ್ಕೆ ತಿರುಗಿತ್ತು. ಎಮ್ಮೆಗಳಿಗೆ ಹೊಟ್ಟು ಹಾಕುತ್ತಿದ್ದಳು. ಒಂದು ದಿನ ಬೈಯದೆ ಸುಮ್ಮನೆ ಕಟ್ಟೆಯ ಮೇಲೆ ಕುಳಿತಳು. ನನಗೆ ಹೆದರಿಕೆಯಾಯಿತು.

‘ರಂಗೀನ ಕೊಡಬೇಕಂತ ಮಾಡೇನ್ರಿ’ ಎಂದಳು.

ರಂಗಿ ಅವಳ ಕೊಟ್ಟಿಗೆಯ ದೊಡ್ಡ ಎಮ್ಮೆ, ಅವಳೇ ಕೈಯಾರೆ ಬೆಳೆಸಿದ್ದು. ಆಗ ಗಬ್ಬವಾಗಿತ್ತು. ಗಬ್ಬದ ಎಮ್ಮೆಗೆ ಹಸಿ ಮೇವಿಲ್ಲದಿದ್ದರೆ ಕರು ಉಳಿಯುವುದಿಲ್ಲ, ಉಳಿದರೂ ಹಾಲಿಲ್ಲ. ಒಬ್ಬ ದಲ್ಲಾಳಿ ಬಂದು ಹಲ್ಲು ನೋಡಿ, ಎರಡು ವಾರ ಬಿಟ್ಟು ಬರುವ ಸಂತೆಯ ದಿನ ಗಾಡಿ ತರುತ್ತೇನೆ ಎಂದು ಹೇಳಿ ಹೋಗಿದ್ದ.

‘ರಂಗಿ ಹ್ವಾದ ಮ್ಯಾಲೆ ಉಳಿದೂವು ಒಂದೊಂದ ಹೋಗತಾವ. ಆಮ್ಯಾಲೆ ನಾ ಏನ ಮಾಡ್ಲಿ? ನಿಮ್ಮ ಪ್ಲಾಂಟಿನ್ಯಾಗ ಹುಳಾ ಕಾಯಾಕ ಬರ್ಲೇನು?’

ನಾನು ಚಹಾ ತರಿಸಿದೆ.

ಅದರ ಮುಂದಿನ ವಾರ ಕಾರ್ಖಾನೆಗಳ ಕಡೆಯ ಇಬ್ಬರು ನಮ್ಮ ನೀರನ್ನು ಕಣ್ಣಾರೆ ನೋಡಿ ಒಪ್ಪಂದ ಉಳಿಸಬೇಕೋ ಬೇಡವೋ ತೀರ್ಮಾನಿಸುವುದಿತ್ತು. ದೇಸಾಯಿ ಸಾಹೇಬರು ಹೊಸ ಅಂಗಿ ಹಾಕಿಕೊಂಡು ಬಂದರು. ನಾನು ಎಲ್ಲವನ್ನೂ ಮುಂಗಡವಾಗಿ ಚಿಂತಿಸಿಟ್ಟಿದ್ದೆ: ಕರೆಂಟು ಹೋದರೆ, ವಾಸನೆ ಬಂದರೆ, ಬೇಲಿಯ ಮೇಲೆ ಯಾರಾದರೂ ಬಟ್ಟೆ ಒಣಹಾಕಿದ್ದರೆ. ಒಂದನ್ನು ಮಾತ್ರ ಬಿಟ್ಟಿದ್ದೆ. ಸಾಹೇಬರು ಮುಂದೆ ಮುಂದೆ ನಡೆದು, ಕೊನೆಯ ಹೊಂಡದ ಕಡೆ ಕೈ ಚಾಚಿ, ‘ಇದ ನೋಡ್ರಿ, ನಮ್ಮ ಶುದ್ಧ...’ ಎಂದು ನಿಂತುಬಿಟ್ಟರು.

ಹೊಂಡದ ತುಂಬ ಎಮ್ಮೆಗಳು. ಮೂಗು ಮತ್ತು ಕೋಡು ಮಾತ್ರ ಮೇಲೆ, ಉಳಿದದ್ದೆಲ್ಲ ನಮ್ಮ ಶುದ್ಧ ನೀರಿನಲ್ಲಿ. ಹಳ್ಳ ಬತ್ತಿದ ಮೇಲೆ ಮೀಯಲು ಜಾಗವಿಲ್ಲದೆ, ಬೇಲಿಯ ಸಂದು ಹುಡುಕಿಕೊಂಡು ಬಂದಿದ್ದವು. ನಡುವೆ ರಂಗಿ, ಮಂತ್ರಿಗಳಂತೆ ಅರೆಗಣ್ಣು ಮುಚ್ಚಿ.

‘ಏನ್ರಿ ಇದು?’ ಎಂದರು ಸಾಹೇಬರು, ಹಲ್ಲು ಬಿಗಿಹಿಡಿದು.

‘ಸರ್... ಎಮ್ಮಿ’ ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ಈಗಲೂ ಹೊಳೆದಿಲ್ಲ.

ಕಾರ್ಖಾನೆಯವರಲ್ಲಿ ಹಿರಿಯರು ಬಗ್ಗಿ ನೋಡಿದರು. ‘ನಮ್ಮ ಲ್ಯಾಬಿನಕಿಂತ ಛಲೋ ಟೆಸ್ಟ್ ಆತು ಬಿಡ್ರಿ. ನೀರು ಖರೇ ಕೆಟ್ಟಿದ್ರ ಅವು ಮೂಗು ಅದ್ದತಿರಲಿಲ್ಲ’ ಎಂದರು. ಗೌರವ್ವ ಕೋಲು ಬೀಸುತ್ತ, ರಂಗಿಯ ವಂಶವನ್ನೆಲ್ಲ ಹೆಸರಿಸಿ ಬೈಯುತ್ತ ಓಡಿ ಬಂದಳು. ಎಮ್ಮೆಗಳು ಏಳಲಿಲ್ಲ. ಬಿಸಿಲು ಏರುತ್ತಿತ್ತು. ಅವು ತಾವಾಗಿ ಏಳುವವರೆಗೆ ಕಾಯುವುದೆಂದು ತೀರ್ಮಾನವಾಗಿ, ಎಲ್ಲರೂ ಪಂಪ್ ಮನೆಯ ನೆರಳಿನಲ್ಲಿ ಚಹಾಕ್ಕೆ ಕುಳಿತೆವು. ಜೀವನದಲ್ಲಿ ನಾನು ಕುಳಿತ ಅತ್ಯುತ್ತಮ ಮೀಟಿಂಗು ಅದು. ಎಮ್ಮೆಗಳು ಹೊರಡದ ಹೊರತು ಯಾರೂ ಏಳುವಂತಿರಲಿಲ್ಲ.

‘ಇವತ್ತ ಒಳಗ ಬರೂ ನೀರು ಯಾಕಿಷ್ಟು ಉಕ್ಕೇತಿ?’ ಎಂದರು ಸಾಹೇಬರು, ಮೊದಲ ತೊಟ್ಟಿಯ ಕಡೆ ನೋಡಿ.

‘ಊರಾಗ ನಳಾ ಬಂದೈತ್ರಿ ಸರ್. ಹಳೇ ನೀರು ಚೆಲ್ಲಾಕತ್ತಾರ.’

‘ನಮ್ಮ ಮನ್ಯಾಗೂ ಚೆಲ್ಲತಾರ’ ಎಂದರು ಕಾರ್ಖಾನೆಯ ಹಿರಿಯರು ಸಪ್ಪಗೆ. ‘ಈ ಉಕ್ಕಿದ್ದ ನಮಗ ಬ್ಯಾಡ್ರಿ. ಉಳಿದ ದಿನದ್ದು ಹದಾ ಇರತೈತಿ, ಅದು ಸಾಕು.’

‘ಉಕ್ಕಿದ್ದು ಎಲ್ಲಿ ಒಯ್ಯೂದು? ತಲೀ ಮ್ಯಾಲೆ ಹೊತಗೋಳೂದೇನು?’ ಎಂದರು ಸಾಹೇಬರು.

‘ನನಗ ಕೊಡ್ರಿ!’ ಎಂದಳು ಗೌರವ್ವ.

‘ನೀ ದಿನಾ ಬೇಕಂತೀ.’

‘ದಿನಾ ಯಾರು ಹುಲ್ಲಿಗೆ ನೀರು ಬಿಡತಾರ್ರಿ ಸಾಹೇಬ್ರ? ಬೇರು ಕೊಳತು ಹೋಗತೈತಿ. ವಾರಕ್ಕೊಮ್ಮೆ ತುಂಬ ಹಾಸಿ ಬಿಟ್ರ ಸಾಕು. ನೀವು ಒಂದ ದಿನಾನೂ ಕೊಡವಲ್ರಿ, ಅದಕ್ಕ ನಾ ದಿನಾ ಕೇಳತೇನಿ.’

ನನ್ನ ಕೈಯಲ್ಲಿನ ಚಹಾ ಆರಿತು. ಊರಿನ ಪಾಳಿ ವಾರಕ್ಕೊಮ್ಮೆ. ಹುಲ್ಲಿಗೆ ಬೇಕಾದದ್ದು ವಾರಕ್ಕೊಮ್ಮೆ. ನಮ್ಮ ಹುಳುಗಳಿಗೆ ಬೇಡವಾದದ್ದು ವಾರಕ್ಕೊಮ್ಮೆ. ಮೂರೂ ಒಂದೇ ದಿನ. ಇಷ್ಟು ವರ್ಷ ನಾನು ಮೂರಕ್ಕೂ ಬೇರೆ ಬೇರೆಯಾಗಿ ಚಿಂತೆ ಮಾಡಿದ್ದೆ.

ನಾನು ಮಾತಿಗೆ ತೊಡಗಿದೆ. ಮೊದಲ ತೊಟ್ಟಿಯಲ್ಲಿ ಕೆಸರು ಕೆಳಗೆ ಕೂತ ಮೇಲೆ, ಪಾಳಿಯ ದಿನ ಹೆಚ್ಚಾದಷ್ಟು ನೀರನ್ನು ಬ್ಲೋವರಿಗೆ ಕಳಿಸದೆ ಹಳೆಯ ಕಾಲುವೆಯ ಗೇಟಿನಿಂದ ಹುಲ್ಲಿಗೆ ಬಿಡುವುದು. ಹುಳುಗಳು ಉಳಿಯುತ್ತವೆ, ಅಷ್ಟು ಕರೆಂಟು ಉಳಿಯುತ್ತದೆ, ಕಾರ್ಖಾನೆಗೆ ಹದವಾದ ನೀರು ಹೋಗುತ್ತದೆ. ಹುಲ್ಲಿನವರು ಹೊಸ ಬೋರ್ ಕೊರೆಸಬಾರದು, ಇದ್ದವರು ಬೆಳಿಗ್ಗೆ ನಮ್ಮ ಬ್ಲೋವರು ಎದ್ದ ಮೇಲೆಯೇ ಚಾಲೂ ಮಾಡಬೇಕು. ಹುಲ್ಲು ಮಾತ್ರ, ಜನ ಹಸಿಯಾಗಿ ತಿನ್ನುವ ಕೊತ್ತಂಬರಿ ಮೂಲಂಗಿ ಬೆಳೆಯಬಾರದು.

‘ಮತ್ತ ಬೂಟು ಹಾಕ್ಕೋಬೇಕು’ ಎಂದು ಸೇರಿಸಿದೆ. ‘ಮೊಣಕಾಲಿನ ತನಕ ಬರೂ ರಬ್ಬರ್ ಬೂಟು. ಇಲ್ಲಂದ್ರ ಗೇಟ್ ತೆಗೆಯೂದಿಲ್ಲ.’

‘ನಾ ಬೂಟ ಹಾಕ್ಕೊಂಡು ನಡದ್ರ ಎಮ್ಮಿ ನನ್ನ ಗುರತ ಹಿಡೀತಾವೇನ್ರಿ?’ ಎಂದಳು ಗೌರವ್ವ. ಆದರೆ ಇಲ್ಲವೆನ್ನಲಿಲ್ಲ.

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿ ಹತ್ತಿರವಿತ್ತು. ‘ಐಡಿಯಾ ಛಲೋ ಐತಿ. ಆದ್ರ ನಾಳೆ ಏನರ ಹೆಚ್ಚುಕಮ್ಮಿ ಆದ್ರ? ನಿಮ್ಮ ಜವಾಬ್ದಾರಿ ಅಂತ ಸಹಿ ಮಾಡತೀರೇನು?’

ಇಡೀ ಕೆಲಸದ ಕಾಲದಲ್ಲಿ, ನನ್ನ ಮೇಲೆ ಇಬ್ಬರು, ಕೆಳಗೆ ಒಬ್ಬರು ಸಹಿ ಮಾಡದ ಕಡೆ ನಾನು ಸಹಿ ಮಾಡಿದವಳಲ್ಲ. ಮನೆಗೆ ಬಂದು ಊಟ ಬಿಟ್ಟು ಕುಳಿತೆ. ನೀರು ರಸ್ತೆಗೆ ನುಗ್ಗಿದರೆ? ಯಾರೋ ಕದ್ದು ಮೂಲಂಗಿ ಬೆಳೆದರೆ? ಹುಲ್ಲಿಗೇ ಏನಾದರೂ ಆದರೆ? ಅತ್ತೆಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು. ‘ಸಹಿ ಮಾಡಿದ್ರೂ ಚಿಂತಿ ಮಾಡತೀ, ಮಾಡದಿದ್ರೂ ಮಾಡತೀ. ಮಾಡಿ ಚಿಂತಿ ಮಾಡು. ಎಮ್ಮಿ ಆದ್ರೂ ಉಳೀತೈತಿ.’

ಮರುದಿನ ಸಹಿ ಮಾಡಿದೆ. ಶಾಯಿ ಆರುವ ಮೊದಲೇ ಸಾಹೇಬರು ಕಾಗದವನ್ನು ಕಡತಕ್ಕೆ ಸೇರಿಸಿದರು.

ಮುಂದಿನ ಪಾಳಿ ದಲ್ಲಾಳಿ ಹೇಳಿದ್ದ ಸಂತೆಯ ದಿನದಂದೇ ಬಿತ್ತು. ದಲ್ಲಾಳಿಯ ಗಾಡಿ ಗೌರವ್ವನ ಕೊಟ್ಟಿಗೆಯ ಮುಂದೆ ಬಂದು ನಿಂತಿತ್ತು. ಇತ್ತ ನಮ್ಮ ಹಳೆಯ ಗೇಟು ತುಕ್ಕು ಹಿಡಿದು ಅಲುಗಲೊಲ್ಲದು. ಎಣ್ಣೆ ಹಾಕಿದೆವು, ಸುತ್ತಿಗೆಯಿಂದ ತಟ್ಟಿದೆವು. ಫಿಟ್ಟರು, ವಾಚ್‌ಮನ್, ನಾನು ಸೇರಿ ಚಕ್ರಕ್ಕೆ ಜೋತುಬಿದ್ದೆವು. ಮೊದಲ ತೊಟ್ಟಿ ಅಂಚಿಗೆ ಏರಿತ್ತು. ದೂರದಲ್ಲಿ ದಲ್ಲಾಳಿ ರಂಗಿಯ ಹಗ್ಗ ಬಿಚ್ಚುವುದು, ಗೌರವ್ವ ಅದರ ಇನ್ನೊಂದು ತುದಿ ಹಿಡಿದು ‘ಒಂದೀಟು ತಡೀ’ ಎನ್ನುವುದು ಕಾಣುತ್ತಿತ್ತು. ಅವನು ಒಂದೆರಡು ಸಲ ತಡೆದ. ಆಮೇಲೆ ಗಾಡಿಯ ಹಲಗೆ ಇಳಿಸಿದ. ರಂಗಿ ಮುಂಗಾಲು ಹಲಗೆಯ ಮೇಲೆ ಇಟ್ಟಿತು.

ಗೇಟು ಕಿರ್ರೆಂದಿತು. ಒಂದು ಗೇಣು ಎದ್ದಿತು.

ನೀರು ಮೊದಲು ಕಾಲುವೆಯ ಒಣ ಎಲೆಗಳನ್ನು ತಳ್ಳಿಕೊಂಡು, ಬಿರುಕುಗಳಲ್ಲಿ ಇಳಿದು, ಹೋಯಿತೋ ಎನ್ನುವಷ್ಟರಲ್ಲಿ ತುಂಬಿಕೊಂಡು ಮುಂದೆ ನಡೆಯಿತು. ನಾನು ದಂಡೆಯ ಮೇಲೆ ಅದರ ಜೊತೆ ಓಡಿದೆ. ಓಡಿದ್ದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಆಗಲೂ ಅನಿಸಿತು. ಹೊಲದ ಅಂಚಿಗೆ ನೀರು ಮುಟ್ಟಿದಾಗ ಗೌರವ್ವ ಹಗ್ಗ ಬಿಟ್ಟು ಸಲಿಕೆ ಹಿಡಿದು ಇಳಿದಳು. ‘ಬೂಟು!’ ಎಂದು ಕೂಗಿದೆ. ಅವಳು ನನ್ನನ್ನು ನೋಡಿ, ಬೈಯಲು ಬಾಯಿ ತೆರೆದು, ವಾಪಸು ಹೋಗಿ ಬೂಟು ಹಾಕಿಕೊಂಡು ಬಂದಳು. ಅಷ್ಟರಲ್ಲಿ ರಂಗಿ ಹಲಗೆಯಿಂದ ಕಾಲು ತೆಗೆದು, ನೀರಿನ ವಾಸನೆ ಹಿಡಿದು, ದಲ್ಲಾಳಿಯನ್ನೂ ಎಳೆದುಕೊಂಡು ಕಾಲುವೆಗೆ ಬಂದು ಮಲಗಿತು.

‘ಏನವಾ ಇದು, ಮಾತಂದ್ರ ಮಾತಲ್ಲೇನು?’ ಎಂದ ದಲ್ಲಾಳಿ, ಕೆಸರಾದ ಧೋತರ ಝಾಡಿಸುತ್ತ.

‘ನಾ ಕೊಡತೇನಂದಿದ್ದೆ ಖರೇ. ಅಕೀ ಬರತೇನಂದಿದ್ದಿಲ್ಲಪಾ. ಎಬ್ಬಿಸಿಕೊಂಡು ಹೋಗು, ಆದ್ರ’ ಎಂದಳು ಗೌರವ್ವ. ಅವನು ಗಾಡಿ ಖಾಲಿ ಹೊಡೆದುಕೊಂಡು ಹೋದ.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ದಂಡೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದೇ ಇಲ್ಲ, ಅದಕ್ಕೆ ಜಗಳ ನಡೆದೇ ಇದೆ. ಒಬ್ಬ ಮೂಲಂಗಿ ಬೆಳೆದೇ ಬೆಳೆದ. ಒಮ್ಮೆ ಬೇಸಿಗೆಯಲ್ಲೇ ಆಕಾಶ ಹರಿದಂತೆ ಮಳೆ ಬಂದು ಹುಲ್ಲು, ಹುಳು, ಲೆಕ್ಕ ಮೂರನ್ನೂ ಕೊಚ್ಚಿಕೊಂಡು ಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈಗ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬರುತ್ತಿದೆ. ಎಲ್ಲ ಕಡೆ ಬಂದರೆ ಜನ ಚೆಲ್ಲುವುದೇ ಇಲ್ಲ, ಆಗ ಹುಲ್ಲಿನ ಪಾಳಿ ಏನಾಗುತ್ತದೆ ಎಂಬ ಚಿಂತೆಯನ್ನು ನಾನು ಆ ಇಬ್ಬರು ಹುಡುಗಿಯರಿಗೆ ಅಧಿಕೃತವಾಗಿ ವಹಿಸಿಕೊಟ್ಟಿದ್ದೇನೆ.

ಆದರೆ ಆ ವರ್ಷ ಮುಂಗಾರಿನ ಮೊದಲ ಹನಿಗಳು ಬೀಳುವ ಹೊತ್ತಿಗೆ ಗೌರವ್ವ ಬೂಟು ಸಮೇತ ಕಚೇರಿಯ ಒಳಗೇ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

‘ರಂಗಿ ಈದಾಳ್ರಿ. ಹೆಣ್ಣು ಕರಾ. ಗಿಣ್ಣ ಮಾಡಿ ತಂದೇನಿ.’

ಡಬ್ಬಿಯ ಮುಚ್ಚಳ ತೆಗೆದಳು. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಟ್ಟಿದ ಗಿಣ್ಣ, ಇನ್ನೂ ಬೆಚ್ಚಗೆ, ಅಂಚಿನಲ್ಲಿ ಸಣ್ಣಗೆ ಅಲುಗುತ್ತಿತ್ತು. ಫಿಟ್ಟರು ಹತ್ತಿರ ಬಂದವನು ನಿಂತ. ವಾಚ್‌ಮನ್ ನಿಂತ. ಎಲ್ಲರೂ ನನ್ನ ಮುಖ ನೋಡಿದರು. ಆ ಎಮ್ಮೆ ಯಾವ ಹುಲ್ಲು ತಿಂದಿದೆ, ಆ ಹುಲ್ಲು ಯಾವ ನೀರು ಕುಡಿದಿದೆ, ಆ ನೀರಿನಲ್ಲಿ ಏನೇನಿತ್ತು ಎಂದು ಪಟ್ಟಿ ಬರೆಯಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ.

‘ಮೊದಲ ನೀವ ತಗೋರಿ’ ಎಂದರು ದೇಸಾಯಿ ಸಾಹೇಬರು ಮೆಲ್ಲಗೆ. ‘ಸಹಿ ನಿಮ್ದು.’

‘ಯಾಕ್ರಿ ಬಾಯಾರ? ನಿಮ್ಮ ನೀರ ನಂಬಿ ಎಮ್ಮಿ ಕರಾ ಹಾಕೇತಿ. ನೀವು ಒಂದು ತುಣುಕು ತಿನ್ನಾಕ ಒಲ್ಲಿರೇನು?’

ಚಮಚೆಯಿಂದ ಒಂದು ತುಣುಕು ಕತ್ತರಿಸಿ ಬಾಯಿಗೆ ಇಟ್ಟುಕೊಂಡೆ. ಬೆಲ್ಲ ಸ್ವಲ್ಪ ಮುಂದಾಗಿತ್ತು. ನಾನು ಎರಡನೆಯ ತುಣುಕಿಗೆ ಚಮಚೆ ಚಾಚಿದಾಗ, ಸಾಹೇಬರು ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.